ಏಸಿ ಹಾಕಿದರೆ ಇಂಜಿನ್ ಬಿಸಿಯಾಗುತ್ತಾ? ಮೊದಲು ಫ್ಯಾನ್ ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷದಿಂದ ನಿಂತಿದ್ದೆ. ಏಸಿ ಗಾಳಿ ಮೆಲ್ಲಗೆ ಬೆಚ್ಚಗಾಯಿತು. ಗ್ಯಾಸ್ ಕಮ್ಮಿಯಾಗಿರಬೇಕು ಅಂತ ಸುಮ್ನಾದೆ. ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಗಿತ್ತು. ಏಸಿ ಆರಿಸಿದೆ, ಟ್ರಾಫಿಕ್ ಕದಲಿತು, ಮುಳ್ಳು ತಾನಾಗಿ ಇಳಿಯಿತು. ಗ್ಯಾರೇಜಿನಲ್ಲಿ ಇಂಜಿನ್ ಬಿಸಿ ಇಳಿಸುವ ರೇಡಿಯೇಟರ್ ಬದಲಾಯಿಸಿದರು. ಮುಂದಿನ ವಾರ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿಬಿದ್ದ ಕಳ್ಳ, ಬೆಂಕಿಪೊಟ್ಟಣದಷ್ಟೂ ಇಲ್ಲದ ಒಂದು ರಿಲೇ, ಅಂದರೆ ಫ್ಯಾನ್‌ಗೆ ಕರೆಂಟ್ ಹರಿಸುವ ಸ್ವಿಚ್.

ಕಾರಿನ ಮೂತಿಯಲ್ಲಿ ಮೊದಲು ಏಸಿ ಕಂಡೆನ್ಸರ್, ಅದರ ಬೆನ್ನಿಗೆ ರೇಡಿಯೇಟರ್, ಆಮೇಲೆ ಫ್ಯಾನ್. ಹೆಚ್ಚಿನ ಕಾರುಗಳಲ್ಲಿ ಇದೇ ಸಾಲು. ಏಸಿ ಹಾಕಿದಾಗ ಒಳಗಿನ ಸೆಖೆಯನ್ನೆಲ್ಲ ಕಂಡೆನ್ಸರ್ ಹೊರಗೆ ಚೆಲ್ಲುತ್ತದೆ. ಆ ಬಿಸಿಗಾಳಿಯೇ ರೇಡಿಯೇಟರ್‌ಗೂ ಗತಿ. ಮೇಲಿಂದ ಕಂಪ್ರೆಸರ್ ತಿರುಗಿಸುವ ಭಾರ ಇಂಜಿನ್‌ಗೆ. ಸರಿಯಿರುವ ಗಾಡಿ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಎಲ್ಲೋ ಹುಳುಕಿರುವ ಗಾಡಿ ಏಸಿ ಹಾಕಿದ ಕೂಡಲೇ ಸಿಕ್ಕಿಬೀಳುತ್ತದೆ.

ಹಾಗಾಗಿ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಬಿಸಿಯಾಗುವುದು ನಿಂತಾಗಲೋ, ಓಡುವಾಗಲೋ? ಸಿಗ್ನಲ್‌ನಲ್ಲಿ ಏರಿ, ರಿಂಗ್ ರೋಡ್‌ನಲ್ಲಿ ಇಳಿದರೆ ಗಾಳಿ ಸಾಲುತ್ತಿಲ್ಲ. ಹೈವೇಯಲ್ಲಿ 80ರ ವೇಗದಲ್ಲೂ ಏರಿದರೆ ಹೆಚ್ಚಾಗಿ ತೊಂದರೆ ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವದ ಹರಿವಿನಲ್ಲಿ ಇರುತ್ತದೆ.

ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ

ಕೂಲಂಟ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದೆಯೇ ಅಂತಲೂ ನೋಡಿ. ಇದು ಬರೀ ಮುಚ್ಚಳ ಅಲ್ಲ. ಒಳಗೆ ಒತ್ತಡ ಹಿಡಿದಿಡುವುದರಿಂದ ಕೂಲಂಟ್ 120 ಡಿಗ್ರಿ ಸೆಲ್ಸಿಯಸ್ ಹತ್ತಿರವೂ ಕುದಿಯದೆ ಇರುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ದಿನಾ ಓಡುವುದೇ 90ರ ಆಸುಪಾಸಿನಲ್ಲಿ. ಮುಚ್ಚಳ ಸೋತರೆ ಎಷ್ಟು ಅಂತರ ಉಳಿಯುತ್ತದೆ, ನೀವೇ ಲೆಕ್ಕ ಹಾಕಿ.

ಕಮ್ಮಿಯಾಗಿದ್ದರೆ ಬೋರ್‌ವೆಲ್ ನೀರು ಸುರಿಯಬೇಡಿ. ಗೀಸರ್ ಕಾಯಿಲ್ ಮೇಲೆ ಕೂರುವ ಆ ಬಿಳಿ ಉಪ್ಪು ರೇಡಿಯೇಟರ್ ಒಳಗೂ ಕೂರುತ್ತದೆ.

ಫ್ಯಾನ್ ಪರೀಕ್ಷೆ

ಗಾಡಿ ಸ್ಟಾರ್ಟ್ ಮಾಡಿ, ಏಸಿ ಫುಲ್ ಇಡಿ, ಇಳಿದು ಬಂದು ಕಿವಿಗೊಡಿ. ಹೆಚ್ಚಿನ ಕಾರುಗಳಲ್ಲಿ ಕಂಪ್ರೆಸರ್ 'ಟಕ್' ಅಂದ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ಕೆಲವದರಲ್ಲಿ ಗ್ಯಾಸ್ ಒತ್ತಡ ಏರಿದ ಮೇಲೆ ಶುರುವಾಗುತ್ತದೆ, ಎರಡು ಮೂರು ನಿಮಿಷ ಕಾಯಿರಿ. ಎರಡು ಫ್ಯಾನ್ ಇದ್ದರೆ ಎರಡನ್ನೂ ನೋಡಿ. ಕೈ ಮಾತ್ರ ಹಾಕಬೇಡಿ, ಇಂಜಿನ್ ಆಫ್ ಮಾಡಿದ ಮೇಲೂ ಅದು ಗಕ್ಕನೆ ತಿರುಗಬಹುದು.

ತಿರುಗಿದರೆ ಸಾಲದು, ಗಾಳಿ ಎಳೆಯಬೇಕು. ಈ ಪುರವಣಿಯ ಒಂದು ಹಾಳೆಯನ್ನು ಗ್ರಿಲ್ ಮುಂದೆ ಹಿಡಿದು ಬಿಡಿ. ಅಂಟಿಕೊಂಡು ನಿಂತರೆ ಒಳ್ಳೆಯದು. ಜಾರಿ ಬಿದ್ದರೆ ಮೋಟರ್ ಸುಸ್ತಾಗಿರಬಹುದು, ಇಲ್ಲವೇ ಜಾಲರಿ ಕಟ್ಟಿಕೊಂಡಿರಬಹುದು. ಹಾಳೆ ಹೊರಕ್ಕೆ ಹಾರಿದರೆ? ಮೋಟರ್ ಬದಲಾಯಿಸಿದವರು ವೈರ್ ಉಲ್ಟಾ ಕೊಟ್ಟಿದ್ದಾರೆ.

ಫ್ಯಾನ್ ತಿರುಗಲೇ ಇಲ್ಲ ಅಂದರೆ ಎಲ್ಲ ಆಫ್ ಮಾಡಿ ಫ್ಯೂಸ್ ಬಾಕ್ಸ್ ತೆರೆಯಿರಿ. ಮುಚ್ಚಳದ ಒಳಮೈಯಲ್ಲಿ ಚಿತ್ರ ಇರುತ್ತದೆ. ಫ್ಯೂಸ್ ಸರಿಯಿದ್ದರೆ ಫ್ಯಾನಿನ ರಿಲೇ ಕಿತ್ತು, ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. ಹಾರ್ನ್ ರಿಲೇ ಎಷ್ಟೋ ಸಲ ಹೊಂದುತ್ತದೆ. ನನ್ನ ಗಾಡಿಯ ರಿಲೇಯ ಒಂದು ಕಾಲು ಸುಟ್ಟು ಕಂದಾಗಿತ್ತು. ರಿಲೇ ಬದಲಿಸಿದರೂ ಅಲುಗದಿದ್ದರೆ ಎಲೆಕ್ಟ್ರಿಷಿಯನ್ ಮೋಟರ್‌ಗೆ ನೇರ 12 ವೋಲ್ಟ್ ಕೊಟ್ಟು ನೋಡಲಿ. ಆಗ ತಿರುಗಿದರೆ ದೋಷ ವೈರಿಂಗ್ ಅಥವಾ ಸೆನ್ಸರ್‌ನಲ್ಲಿ. ಆಗಲೂ ಸತ್ತಂತಿದ್ದರೆ ಮೋಟರ್ ಹೋಗಿದೆ, ಒಳಗಿನ ಕಾರ್ಬನ್ ಸವೆದಿರುವುದೇ ಜಾಸ್ತಿ.

ಸಿಗ್ನಲ್‌ನಲ್ಲಿ ಏಸಿ ಬೆಚ್ಚಗಾಗುವುದಕ್ಕೂ ಇದೇ ಕಾರಣ ಇರಬಹುದು. ಫ್ಯಾನ್ ಇಲ್ಲದೆ ಕಂಡೆನ್ಸರ್ ಬೇಯುತ್ತದೆ. ಸುಮ್ನೆ ಗ್ಯಾಸ್ ತುಂಬಿಸಿದರೆ, ಅದೂ ಹೆಚ್ಚಾಗಿ ತುಂಬಿಸಿದರೆ, ಬಿಸಿ ಇನ್ನೂ ಏರುತ್ತದೆ.

ಕಸ, ಮಣ್ಣು, ಹುಳ

ಟಾರ್ಚ್ ಹಿಡಿದು ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿ. ಅಲ್ಲಿ ಧೂಳು, ಒಣಗಿದ ಎಲೆ, ಸತ್ತ ಹುಳ ಸೇರಿ ಕಂಬಳಿಯಂತೆ ಕೂತಿರುತ್ತವೆ. ಇಂಜಿನ್ ತಣ್ಣಗಾದ ಮೇಲೆ ಮೆಲ್ಲಗೆ ಹರಿಯುವ ಪೈಪ್ ನೀರನ್ನು ಒಳಗಡೆಯಿಂದ ಹೊರಕ್ಕೆ ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಬೇಡ, ತೆಳು ಎಸಳುಗಳು ಮಡಚಿಕೊಂಡು ಗಾಳಿ ಇನ್ನಷ್ಟು ಕಟ್ಟುತ್ತದೆ.

ಓಡುವಾಗಲೂ ಬಿಸಿಯಾದರೆ

ಇಲ್ಲಿಂದ ಮೆಕ್ಯಾನಿಕ್ ಕೆಲಸ. ಬಿಸಿಗೆ ತಕ್ಕಂತೆ ಕೂಲಂಟ್‌ಗೆ ದಾರಿ ತೆರೆಯುವ ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು, ರೇಡಿಯೇಟರ್ ಒಳಗೆ ಕಟ್ಟಿರಬಹುದು, ವಾಟರ್ ಪಂಪ್ ಸವೆದಿರಬಹುದು. 'ಥರ್ಮೋಸ್ಟಾಟ್ ತೆಗೆದುಬಿಡೋಣ ಸಾರ್, ನಮ್ಮೂರಿಗೆ ಬೇಡ' ಅಂದರೆ ಒಪ್ಪಬೇಡಿ. ಇಂಜಿನ್ ಬೇಗ ಬಿಸಿಯೇರದೆ ಪೆಟ್ರೋಲ್ ಕುಡಿಯುತ್ತದೆ. ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಕೆಳಗಿನ ಸೀಲ್) ಹೋಗಿರಬಹುದು. ಆಗ ಗಾಡಿ ಓಡಿಸಲೇಬೇಡಿ.

ದಾರಿ ಮಧ್ಯೆ ಮುಳ್ಳು ಏರಿದರೆ

ಶಿರಾಡಿ ಘಾಟಿ ಹತ್ತುವಾಗ ಏರಿತು ಅನ್ನಿ. ಏಸಿ ಆಫ್ ಮಾಡಿ. ಹೀಟರ್ ಮತ್ತು ಬ್ಲೋವರ್ ಫುಲ್ ಇಡಿ, ಕಿಟಕಿ ಇಳಿಸಿ. ಬೆವರಿಳಿಯುತ್ತದೆ ನಿಜ, ಆದರೆ ಇಂಜಿನ್ ಬಿಸಿ ಸ್ವಲ್ಪ ಆ ದಾರಿಯಲ್ಲೂ ಹೋಗುತ್ತದೆ. ಮುಳ್ಳು ಇಳಿಯದಿದ್ದರೆ, ಅಥವಾ ಕೆಂಪು ದೀಪ ಹತ್ತಿದರೆ, ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಿ. ಮುಕ್ಕಾಲು ಗಂಟೆಯಾದರೂ ಆರಲಿ. ಕಾದ ಇಂಜಿನ್ ಮೇಲೆ ತಣ್ಣೀರು ಎರಚಬೇಡಿ, ಹೆಡ್ ಸೀಳಬಹುದು. ತಣ್ಣಗಾದ ಮೇಲೆ ಕೂಲಂಟ್ ಇಲ್ಲದಿದ್ದರೆ ಕುಡಿಯುವ ನೀರನ್ನೇ ತುಂಬಿ, ಏಸಿ ಇಲ್ಲದೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ. ಮುಳ್ಳು ಮತ್ತೆ ಏರಿದರೆ ಟೋಯಿಂಗ್‌ನವರಿಗೆ ಫೋನ್ ಮಾಡಿ.