ಉತ್ಸವಕ್ಕೆ ಸಣ್ಣ ನಾಟಕ ಒಯ್ಯುವವರಿಗೆ, ಸೈಡ್‌ವಿಂಗಿನಿಂದ

ನಾನು ನಟಿಯಲ್ಲ, ನಿರ್ದೇಶಕಿಯೂ ಅಲ್ಲ. ಕಪ್ಪು ಬಟ್ಟೆ ಹಾಕಿಕೊಂಡು ಸೈಡ್‌ವಿಂಗಿನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ನಿಲ್ಲುವ ಸ್ಟೇಜ್ ಮ್ಯಾನೇಜರ್. ನಾಲ್ಕೈದು ಜನರ ತಂಡ, ಕೈಯಲ್ಲಿ ದುಡ್ಡು ಕಡಿಮೆ, ಉತ್ಸವದಲ್ಲಿ ಒಂದು ಪ್ರದರ್ಶನ ಸಿಕ್ಕಿದೆ ಅಂದರೆ ಏನೇನು ಮಾಡಬೇಕು ಅಂತ ನಾನು ನಿಂತಿರುವ ಜಾಗದಿಂದಲೇ ಹೇಳುತ್ತೇನೆ. ಅಭಿನಯ ಹೇಗಿರಬೇಕು ಅನ್ನುವುದನ್ನು ಬೇರೆಯವರು ಹೇಳಲಿ.

ಮೊದಲು ಸಮಯ. ಉತ್ಸವದವರು 60 ನಿಮಿಷದ ಸ್ಲಾಟ್ ಕೊಟ್ಟರೆ ನಿಮ್ಮ ನಾಟಕ 60 ನಿಮಿಷ ಇರಬಾರದು. ಪ್ರೇಕ್ಷಕರು ಒಳಗೆ ಬಂದು ಕೂರುವುದು, ಕೊನೆಗೆ ಚಪ್ಪಾಳೆ, ಅವರು ಎದ್ದು ಹೋಗುವುದು, ಎಲ್ಲವೂ ಆ ಅರವತ್ತರಲ್ಲೇ ಬರಬಹುದು. ಸೆಟ್ ಹಾಕುವ, ತೆಗೆಯುವ ಸಮಯ ಸ್ಲಾಟಿನ ಒಳಗೋ ಹೊರಗೋ ಅಂತ ಮೊದಲೇ ಇಮೇಲ್‌ನಲ್ಲಿ ಕೇಳಿ. ಫೋನಿನಲ್ಲಿ ಕೇಳಿದರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಒಂದೇ ರಂಗಮಂದಿರದಲ್ಲಿ ದಿನವಿಡೀ ನಾಟಕ ನಡೆಯುವ ಉತ್ಸವಗಳಲ್ಲಿ ಎರಡು ನಾಟಕಗಳ ನಡುವೆ ಹದಿನೈದೇ ನಿಮಿಷ ಇರುವುದು ಮಾಮೂಲು. ಆ ಹದಿನೈದರಲ್ಲಿ ಹಿಂದಿನ ತಂಡ ಹೊರಗೆ ಹೋಗಬೇಕು, ನೀವು ಒಳಗೆ ಬರಬೇಕು.

ಹಾಗಾಗಿ 60ರ ಸ್ಲಾಟಿಗೆ 50 ನಿಮಿಷದ ನಾಟಕ ಕಟ್ಟಿ. ತಾಲೀಮಿನಲ್ಲಿ ಪ್ರತಿ ರನ್ ಥ್ರೂಗೂ (ನಿಲ್ಲಿಸದೆ ಪೂರ್ತಿ ನಾಟಕ ಆಡುವುದು) ದೃಶ್ಯವಾರು ಸಮಯ ಬರೆದಿಡಿ. ನಮ್ಮ ನಿರ್ದೇಶಕರಿಗೆ ನನ್ನ ಸ್ಟಾಪ್‌ವಾಚ್ ಕಂಡರೇ ಆಗುವುದಿಲ್ಲ. ಆದರೆ ನಾಟಕ ಎಲ್ಲಿ ಎಳೆಯುತ್ತಿದೆ ಅಂತ ಮೊದಲು ಗೊತ್ತಾಗುವುದು ಅದರಿಂದಲೇ. ಜನ ನಕ್ಕರೆ ನಟರು ನಿಲ್ಲಬೇಕಾಗುತ್ತದೆ, ಅಲ್ಲಿ ಇನ್ನೆರಡು ನಿಮಿಷ ಹೋಗುತ್ತದೆ. ತಾಲೀಮಿನಲ್ಲಿ ಯಾರೂ ನಗುವುದಿಲ್ಲ, ಎಲ್ಲರಿಗೂ ಆ ಮಾತು ಬಾಯಿಪಾಠ ಆಗಿರುತ್ತದೆ ಅಲ್ವಾ.

ಸ್ಕ್ರಿಪ್ಟ್ ನಿಮ್ಮದಲ್ಲದಿದ್ದರೆ ಅರ್ಜಿ ಹಾಕುವ ಮೊದಲೇ ಲೇಖಕರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಅನುವಾದವಾದರೆ ಮೂಲ ಲೇಖಕರದೂ ಬೇಕು, ಅನುವಾದಕರದೂ ಬೇಕು. ಹಳೇ ನಾಟಕ ಅಂದುಕೊಂಡು ಸುಮ್ಮನಿರಬೇಡಿ. ಎಷ್ಟೋ ದೇಶಗಳಲ್ಲಿ ಲೇಖಕರು ತೀರಿಕೊಂಡ ಮೇಲೂ 50ರಿಂದ 70 ವರ್ಷ ಹಕ್ಕು ಇರುತ್ತದೆ. ಮಧ್ಯೆ ಒಂದು ಸಿನಿಮಾ ಹಾಡು ಹಾಕೋಣ ಅನಿಸಿದರೆ ಹಾಡಿನ ಹಕ್ಕು ಬೇರೆ, ಆ ರೆಕಾರ್ಡಿಂಗಿನ ಹಕ್ಕು ಬೇರೆ. ತಂಡದಲ್ಲಿ ಹಾಡುವವರೊಬ್ಬರಿದ್ದರೆ ಅವರಿಂದಲೇ ಹೊಸದೊಂದು ಮಾಡಿಸುವುದು ಸುಲಭ.

ಆಮೇಲೆ ಜಾಗ. ರಂಗಮಂದಿರದ ನಕ್ಷೆ ತರಿಸಿಕೊಳ್ಳಿ. ವೇದಿಕೆಯ ಅಗಲ ಮತ್ತು ಆಳ, ಲೈಟ್ ಕಟ್ಟುವ ಪೈಪಿನ ಎತ್ತರ, ವಿಂಗುಗಳು ಎಷ್ಟು, ಸಾಮಾನು ಒಳಗೆ ಬರುವ ಬಾಗಿಲು ಎಷ್ಟಗಲ. ಕೊನೆಯದನ್ನು ಕೇಳುವವರೇ ಕಡಿಮೆ. ತಾಲೀಮು ಮಾಡುವ ಕೋಣೆಯ ನೆಲದ ಮೇಲೆ ಅದೇ ಅಳತೆಗೆ ಟೇಪ್ ಅಂಟಿಸಿ. ಕಂಬ ಇರುವಲ್ಲಿ ಒಂದು ಕುರ್ಚಿ ಇಡಿ. ಬ್ಲಾಕಿಂಗ್ ಮಾಡುವಾಗ, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಅಂತ ಗೊತ್ತು ಮಾಡುವಾಗ, ಮೊದಲ ಸಾಲಿನ ತೀರಾ ಎಡ ಮೂಲೆಯಲ್ಲಿ, ಆಮೇಲೆ ತೀರಾ ಬಲ ಮೂಲೆಯಲ್ಲಿ ಕೂತು ನೋಡಿ. ಮಧ್ಯದಲ್ಲೇ ಕೂತು ನಿರ್ದೇಶಿಸಿದ ನಾಟಕ ಆ ಮೂಲೆಗಳಿಂದ ಬರೀ ಬೆನ್ನುಗಳ ನಾಟಕವಾಗಿ ಕಾಣುತ್ತದೆ.

ಸೆಟ್ಟಿಗೆ ನನ್ನ ನಿಯಮ ಸರಳ: ಒಬ್ಬರೇ ಎತ್ತಲಾಗದ್ದು ಎರಡಕ್ಕಿಂತ ಜಾಸ್ತಿ ಬೇಡ. ಮೆಟ್ಟಿಲು, ಕಿಟಕಿ ಚೌಕಟ್ಟು, ಪೆಟ್ಟಿಗೆ, ಯಾವುದಾದರೂ ಇರಲಿ, ಮಡಚುವಂತಿರಲಿ ಅಥವಾ ಒಂದರೊಳಗೆ ಒಂದು ಕೂರುವಂತಿರಲಿ. ಪರದೆ ಬಟ್ಟೆಗೆ ಬೆಂಕಿ ನಿರೋಧಕ ಹಚ್ಚಿರಬೇಕು ಅಂತ ಅನೇಕ ಕಡೆ ಕೇಳುತ್ತಾರೆ. ದೀಪ, ಬೆಂಕಿಕಡ್ಡಿ, ಹೊಗೆ ಯಂತ್ರ, ಯಾವುದಿದ್ದರೂ ಮೊದಲೇ ತಿಳಿಸಿ. ಹೊಗೆಯಿಂದ ಫೈರ್ ಅಲಾರಂ ಹೊಡೆದುಕೊಂಡರೆ ಇಡೀ ಕಟ್ಟಡ ಖಾಲಿಯಾಗುತ್ತದೆ.

ನಟರು ವೇದಿಕೆಯಲ್ಲಿ ಬಳಸುವ ಸಣ್ಣ ವಸ್ತುಗಳನ್ನು ಇಡುವ ಪ್ರಾಪರ್ಟಿ ಮೇಜಿಗೆ ಕಂದು ಕಾಗದ ಹಾಸಿ. ಪ್ರತಿ ವಸ್ತುವನ್ನೂ ಅದರ ಮೇಲಿಟ್ಟು ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದು ಒಳಗೆ ಹೆಸರು ಬರೆಯಿರಿ: ಕನ್ನಡಕ, ಕಾಗದ, ಬೀಗದ ಕೈ. ನಾಟಕ ಶುರುವಾಗುವ ಮೊದಲು ಒಂದು ಗೆರೆಯೊಳಗೆ ಏನೂ ಇಲ್ಲದಿದ್ದರೆ ಕತ್ತಲಲ್ಲೂ ಕಣ್ಣಿಗೆ ಬೀಳುತ್ತದೆ. ನಾಟಕ ಮುಗಿದ ಮೇಲೆ ಕಾಗದ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಹೋಗಬಹುದು. ಆ ಮೇಜಿನ ಮೇಲೆ ಟೀ ಲೋಟ ಇಡುವ ನಟರಿಗೆ ನನ್ನಲ್ಲಿ ಕ್ಷಮೆ ಇಲ್ಲ.

ಇನ್ನು ಬೆಳಕು. ಉತ್ಸವಗಳಲ್ಲಿ ಲೈಟುಗಳನ್ನು ಎಲ್ಲ ತಂಡಗಳಿಗೂ ಸೇರಿಸಿ ಒಂದೇ ಸಲ ಕಟ್ಟಿರುತ್ತಾರೆ. ನಿಮಗಾಗಿ ಬಿಚ್ಚಿ ಕಟ್ಟುವುದಿಲ್ಲ. ವೇದಿಕೆಗೆಲ್ಲ ಬೀಳುವ ಜನರಲ್ ಲೈಟು ಒಂದು ಬೆಚ್ಚಗೆ (ಹಳದಿ ಛಾಯೆ), ಒಂದು ತಣ್ಣಗೆ (ನೀಲಿ ಛಾಯೆ), ಜೊತೆಗೆ ಎರಡೋ ಮೂರೋ ಸ್ಪಾಟ್. ಇಷ್ಟರಲ್ಲೇ ನಾಟಕ ನಿಲ್ಲುವಂತೆ ಯೋಚಿಸಿ. ಮೂವತ್ತು ಕ್ಯೂ (ಬೆಳಕೋ ಸದ್ದೋ ಬದಲಾಗಬೇಕು ಅನ್ನುವ ಸೂಚನೆ) ಬರೆದುಕೊಂಡು ಹೋದವರು ಹತ್ತಕ್ಕೆ ಇಳಿಯುತ್ತಾರೆ, ಅದೂ ಗಾಬರಿಯಲ್ಲಿ. ಮನೆಯಲ್ಲೇ ಇಳಿಸಿದರೆ ಯಾವುದು ಬೇಕು ಅಂತ ನೀವೇ ಆರಿಸಬಹುದು.

ಕ್ಯೂ ಬರೆಯುವುದಕ್ಕೆ ಸ್ಕ್ರಿಪ್ಟನ್ನು ಒಂದೇ ಮಗ್ಗುಲಿಗೆ ಪ್ರಿಂಟ್ ಮಾಡಿಸಿ ಫೈಲಿಗೆ ಹಾಕಿ. ಎದುರಿನ ಖಾಲಿ ಪುಟ ನಿಮ್ಮದು. ಪೆನ್ಸಿಲ್ಲಿನಲ್ಲೇ ಬರೆಯಿರಿ. ಕ್ಯೂ ಸಂಖ್ಯೆಗಳನ್ನು 1, 2, 3 ಅಂತ ಕೊಡದೆ 5, 10, 15 ಅಂತ ಕೊಟ್ಟರೆ ಮಧ್ಯೆ ಹೊಸದೊಂದು ಬಂದಾಗ ಎಲ್ಲವನ್ನೂ ತಿದ್ದಬೇಕಾಗಿಲ್ಲ. ಪ್ರತಿ ಕ್ಯೂಗೂ ಎರಡು ಗುರುತು: ಸುಮಾರು ಅರ್ಧ ಪುಟ ಮೊದಲು ‘ಸ್ಟ್ಯಾಂಡ್‌ಬೈ’, ಸರಿಯಾದ ಪದದ ಮೇಲೆ ‘ಗೋ’. ಉದಾಹರಣೆಗೆ, ‘ಬಾಗಿಲು ಹಾಕಿಬಿಡು’ ಅನ್ನುವ ಮಾತಿನಲ್ಲಿ ಕತ್ತಲಾಗಬೇಕು ಅನ್ನಿ. ‘ಬಾಗಿಲು’ ಅಂದ ತಕ್ಷಣವೋ, ‘ಹಾಕಿಬಿಡು’ ಮುಗಿದ ಮೇಲೋ, ನಟ ಬಾಗಿಲ ಕಡೆ ತಿರುಗಿದಾಗಲೋ? ಮೂರಕ್ಕೂ ಮೂರು ಬೇರೆ ಅರ್ಥ ಬರುತ್ತದೆ. ನಿರ್ದೇಶಕರನ್ನು ಕೇಳಿ ಒಂದಕ್ಕೆ ಸುತ್ತು ಹಾಕಿ. ಹೆಡ್‌ಸೆಟ್ ಹಾಕಿಕೊಂಡಿರುವಾಗ ‘ಗೋ’ ಅನ್ನುವ ಪದವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಲೈಟ್, ಸೌಂಡ್ ಬೋರ್ಡಿನ ಮೇಲೆ ಬೆರಳಿಟ್ಟು ಕೂತಿರುವವರು ಆ ಪದಕ್ಕೇ ಕಾಯುತ್ತಿರುತ್ತಾರೆ.

ಟೆಕ್ನಿಕಲ್‌ಗೆ, ಅಂದರೆ ರಂಗಮಂದಿರದಲ್ಲಿ ಲೈಟು, ಸೌಂಡು ಹೊಂದಿಸಿ ನೋಡುವ ತಾಲೀಮಿಗೆ, ಎರಡು ಗಂಟೆ ಸಿಕ್ಕಿತು ಅನ್ನಿ. ಪೂರ್ತಿ ನಾಟಕ ಆಡಬೇಡಿ. ಲೈಟ್ ತಿರುಗಿಸುವುದು ಮೊದಲು, ಆಮೇಲೆ ಸೌಂಡ್ ಲೆವೆಲ್, ಆಮೇಲೆ ಕ್ಯೂನಿಂದ ಕ್ಯೂಗೆ ಹಾರುತ್ತಾ ಹೋಗಿ. ನಡುವಿನ ಮಾತು ಬಿಡಿ. ಖಾಲಿ ಹಾಲ್‌ನಲ್ಲಿ ಸದ್ದು ಗಣಗಣ ಅನ್ನುತ್ತದೆ, ಜನ ತುಂಬಿದ ಮೇಲೆ ಅವರ ಮೈ ಬಟ್ಟೆಯೇ ಅದನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಲೆವೆಲ್ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಸೌಂಡ್ ಫೈಲುಗಳು ಲ್ಯಾಪ್‌ಟಾಪಿನಲ್ಲೂ ಇರಲಿ, ಪೆನ್‌ಡ್ರೈವಿನಲ್ಲೂ ಇರಲಿ. ನೋಟಿಫಿಕೇಶನ್ ಬಂದ್. ದುರಂತ ದೃಶ್ಯದ ನಡುವೆ ಮೆಸೇಜ್ ಬಂದ ಸದ್ದು ಸ್ಪೀಕರಿನಲ್ಲಿ ಕೇಳಿದರೆ ನಟರು ಏನು ಮಾಡಿದರೂ ಆ ಕ್ಷಣ ವಾಪಸ್ ಬರುವುದಿಲ್ಲ. ವೇದಿಕೆಯ ಅಂಚಿಗೆ, ಮೆಟ್ಟಿಲಿಗೆ ಕತ್ತಲಲ್ಲಿ ಹೊಳೆಯುವ ಟೇಪ್ ಹಾಕಿ. ಕುರ್ಚಿ ಇಡುವ ಜಾಗದ ಗುರುತಿಗೆ ಬೇರೆ ತಂಡದವರು ಬಳಸದ ಬಣ್ಣದ ಟೇಪ್ ಆರಿಸಿಕೊಳ್ಳಿ.

ಪ್ರಚಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಉತ್ಸವಕ್ಕೆ ಎಂಟು ತಂಡಗಳು ಕರೆಯದೇ ಬಂದು, ಸಿಕ್ಕ ಜಾಗದಲ್ಲಿ ಆಡಿದವು. ಯಾರು ಬೇಕಾದರೂ ಬಂದು ಆಡಬಹುದಾದ ಫ್ರಿಂಜ್ ಉತ್ಸವ ಶುರುವಾದದ್ದು ಹಾಗೆ. ಈಗಲೂ ಅಲ್ಲಿಯ ಬೀದಿಗಳಲ್ಲಿ ನಟರೇ ಕರಪತ್ರ ಹಿಡಿದು ಜನರನ್ನು ಕರೆಯುತ್ತಾರೆ. ಬೇರೆ ನಾಟಕದ ಟಿಕೆಟ್ ಸಾಲಿನಲ್ಲಿ ನಿಂತವರ ಜೊತೆ ಮಾತಾಡುವುದಕ್ಕಿಂತ ಒಳ್ಳೆಯ ಪ್ರಚಾರ ನನಗೆ ಗೊತ್ತಿಲ್ಲ. ಕರಪತ್ರದಲ್ಲಿ ‘ಹೃದಯಸ್ಪರ್ಶಿ’ ಅಂತ ಬರೆಯಬೇಡಿ. ವೇದಿಕೆಯ ಮೇಲೆ ಏನಾಗುತ್ತದೆ ಅಂತ ಬರೆಯಿರಿ: ಇಬ್ಬರು ಅಕ್ಕತಂಗಿಯರು, ಮಾರಬೇಕಾದ ಒಂದು ಮನೆ, ಒಂದು ರಾತ್ರಿ.

ಒಪ್ಪಂದ ಓದಿ. ಟಿಕೆಟ್ ಹಣ ಹೇಗೆ ಹಂಚಿಕೆ, ಹಾಲ್ ಬಾಡಿಗೆ ಯಾರದು, ಪಾಸ್ ಎಷ್ಟು, ರದ್ದಾದರೆ ಏನು. ಅರ್ಥವಾಗದ ಸಾಲಿಗೆ ಸಹಿ ಬೇಡ.

ಪ್ರದರ್ಶನದ ದಿನ ನಟರಿಗೆ ಸಮಯ ಕೂಗುವುದರಲ್ಲಿ ಬ್ರಿಟಿಷ್ ರಂಗಭೂಮಿಯವರ ಒಂದು ಪದ್ಧತಿ ನನಗೆ ಇಷ್ಟ. ಅವರ ‘ಅರ್ಧ ಗಂಟೆ’ ಕೂಗುವುದು ಪರದೆ ಏಳಲು 35 ನಿಮಿಷ ಇರುವಾಗ. ‘ಕಾಲು ಗಂಟೆ’ 20 ಇರುವಾಗ, ‘ಐದು’ ಅನ್ನುವುದು 10 ಇರುವಾಗ. ನಿಜವಾದ ಐದಕ್ಕೆ ಮೊದಲ ದೃಶ್ಯದವರು ಎಂಟ್ರಿ ಜಾಗದಲ್ಲಿ ನಿಂತಿರಬೇಕು. ಕೂಗಿದಾಗ ಪ್ರತಿಯೊಬ್ಬರೂ ‘ಥ್ಯಾಂಕ್ಯೂ’ ಅನ್ನಲಿ. ಅಂದರೆ ಕೇಳಿಸಿತು ಅಂತ.

ಚಪ್ಪಾಳೆ ಮುಗಿದ ತಕ್ಷಣ ಸ್ನೇಹಿತರು ವೇದಿಕೆ ಹತ್ತಿ ಬರುತ್ತಾರೆ, ಸೆಲ್ಫಿ ಶುರುವಾಗುತ್ತದೆ. ಅವರನ್ನು ಹೊರಗಿನ ಅಂಗಳಕ್ಕೆ ಕಳಿಸಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಡಿ. ನಟರು ಮೇಕಪ್ಪಿನಲ್ಲೇ ಸೆಟ್ ಹೊರಲಿ, ಯಾರು ಏನು ಹೊರಬೇಕು ಅನ್ನುವ ಪಟ್ಟಿ ಗ್ರೀನ್ ರೂಮಿನ ಬಾಗಿಲಿಗೆ ಅಂಟಿಸಿರಿ. ನೀವು ಹಾಕಿದ ಟೇಪನ್ನೆಲ್ಲ ಕಿತ್ತು ಹೋಗಿ. ಹಿಂದಿನ ಸಾಲಿನಲ್ಲಿ ಒಂದು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಪೂರ್ತಿ ನಾಟಕ ರೆಕಾರ್ಡ್ ಮಾಡಿಸಲು ಮರೆಯಬೇಡಿ, ಉತ್ಸವದವರ ಒಪ್ಪಿಗೆ ಇದ್ದರೆ. ಮುಂದಿನ ಉತ್ಸವದ ಅರ್ಜಿಯ ಜೊತೆ ಎಡಿಟ್ ಮಾಡದ ಪೂರ್ತಿ ವೀಡಿಯೊವನ್ನೇ ಕೇಳಬಹುದು. ಟ್ರೇಲರ್ ಇದ್ದರೆ ಸಾಲದು.