ಒಂದು ಸಂತೆ ಊರು ಹಿಡಿದು ಯಾರ್ಕ್‌ಶೈರ್ ಸುತ್ತಿದ್ದು: ನನ್ನ ಅನುಭವ

ಊರಿಂದ ಅಪ್ಪ ಅಮ್ಮ ಬರುತ್ತಾರೆ ಅಂದಕೂಡಲೇ ಇಂಗ್ಲೆಂಡಿನಲ್ಲಿರುವ ನಾವೆಲ್ಲ ಮೊದಲು ನೋಡುವುದು ಲಂಡನ್ ಟಿಕೆಟ್. ನಾವೂ ಕರೆದುಕೊಂಡು ಹೋಗಿದ್ದೆವು, ಅವರಿಗೆ ಖುಷಿಯೂ ಆಯಿತು. ಆದರೆ ಕೆಲವು ತಿಂಗಳು ಇರೋಕೆ ಬಂದವರಿಗೆ ಲಂಡನ್ ಎಷ್ಟು ದಿನ ಸಾಲುತ್ತದೆ? ಉಳಿದ ವಾರಾಂತ್ಯಗಳಿಗೆ ನಾವು ಲೀಡ್ಸ್‌ನ ನಮ್ಮ ಮನೆಗೆ ಹತ್ತಿರದ ಒಂದು ಸಂತೆ ಊರನ್ನೇ ಗಟ್ಟಿಯಾಗಿ ಹಿಡಿದುಕೊಂಡೆವು. ಅದು ಸ್ಕಿಪ್ಟನ್. ಯಾರ್ಕ್‌ಶೈರ್ ಡೇಲ್ಸ್ ಅನ್ನುವ ಬೆಟ್ಟ-ಕಣಿವೆಗಳ ಸೀಮೆಗೆ ಇದೇ ಹೆಬ್ಬಾಗಿಲು. ಲೀಡ್ಸ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ.

ನಾವು ಇಟ್ಟುಕೊಂಡ ನಿಯಮ ಇಷ್ಟೇ. ದಿನಕ್ಕೆ ಒಂದೇ ದೊಡ್ಡ ಜಾಗ. ಮಿಕ್ಕ ಹೊತ್ತು ಸ್ಕಿಪ್ಟನ್ ಪೇಟೆಯಲ್ಲಿ. ಕಾರಿನಲ್ಲಿ ಹೋಗಿ ಒಂದೇ ದಿನಕ್ಕೆ ನಾಲ್ಕು ಕಡೆ ಇಳಿದು ಫೋಟೋ ತೆಗೆದು ಬರುವವರನ್ನು ನೋಡಿದ್ದೇನೆ. ವಯಸ್ಸಾದವರಿಗೆ ಅದು ಬರೀ ಹತ್ತಿ ಇಳಿಯುವ ಕೆಲಸ. ಸಂತೆ ಊರು ಕೈಯಲ್ಲಿದ್ದರೆ ಕೂರೋಕೆ ಬೆಂಚು, ಶೌಚಾಲಯ, ಬಿಸಿ ಚಹಾ, ಮಳೆ ಬಂದರೆ ನಿಲ್ಲೋಕೆ ಸೂರು, ಎಲ್ಲವೂ ಒಂದೇ ಬೀದಿಯಲ್ಲಿ ಸಿಗುತ್ತದೆ. ಬೆಟ್ಟದ ಮೇಲೆ ಮೋಡ ಕವಿದರೆ ಪೇಟೆಯಲ್ಲೇ ದಿನ ಕಳೆದು ಬರಬಹುದು. ಯಾರಿಗೂ ಬೇಜಾರಾಗುವುದಿಲ್ಲ.

ಟಿಕೆಟ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿರುವ ಮನೆಯವರು ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ದೊಡ್ಡವರಿಗೆ ಮೂರನೇ ಒಂದು ಭಾಗ, 5ರಿಂದ 15 ವರ್ಷದ ಮಕ್ಕಳಿಗೆ 60% ರಿಯಾಯಿತಿ. ಒಂದೇ ಕಾರ್ಡಿನಲ್ಲಿ ನಾಲ್ಕು ಜನ ದೊಡ್ಡವರು, ನಾಲ್ಕು ಜನ ಮಕ್ಕಳು ಹೋಗಬಹುದು. ಜೊತೆಗೆ ಒಂದು ಮಗುವಾದರೂ ಇರಲೇಬೇಕು ಅಷ್ಟೇ. ನಾವಿಬ್ಬರು, ಅಪ್ಪ ಅಮ್ಮ, ಮಗಳು, ಎಲ್ಲರೂ ಅದರಲ್ಲೇ ಓಡಾಡಿದೆವು.

ಸ್ಕಿಪ್ಟನ್ ಸಂತೆ ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ನಡೆಯುತ್ತದೆ. ಹೈ ಸ್ಟ್ರೀಟ್‌ನ ಎರಡೂ ಬದಿ ಕಲ್ಲುಹಾಸಿನ ಮೇಲೆ ಅಂಗಡಿ ಹಾಕುತ್ತಾರೆ. ತರಕಾರಿ, ಹೂವಿನ ಗಿಡ, ಚೀಸ್, ಉಣ್ಣೆ ಟೋಪಿ, ಬಟ್ಟೆ, ಹಳೇ ಪುಸ್ತಕ. ಅಮ್ಮನಿಗೆ ಇಲ್ಲಿ ಗೈಡ್ ಬೇಕಾಗಲಿಲ್ಲ. ಸೊಪ್ಪು ಮುಟ್ಟಿ ನೋಡಿದಳು, ಬೆಲೆ ಕೇಳಿದಳು, ರೂಪಾಯಿಗೆ ಲೆಕ್ಕ ಹಾಕಿ ಬಾಯಿ ಮೇಲೆ ಕೈ ಇಟ್ಟಳು, ಆಮೇಲೆ ಕೊಂಡಳು. ಚೀಸ್ ಅಂಗಡಿಯಾತ ವೆನ್ಸ್‌ಲಿಡೇಲ್ ಚೀಸಿನ ಚೂರೊಂದನ್ನು ಚಾಕುವಿನ ತುದಿಯಲ್ಲಿ ಹಿಡಿದು ರುಚಿ ನೋಡಿ ಅಂತ ಚಾಚಿದ. ಬೆಳ್ಳಗೆ, ಮುಟ್ಟಿದರೆ ಪುಡಿಪುಡಿಯಾಗುವಂಥದ್ದು, ತಿಂದರೆ ಸ್ವಲ್ಪ ಹುಳಿ, ಸ್ವಲ್ಪ ಜೇನಿನ ವಾಸನೆ. ಸಸ್ಯಾಹಾರಿಗಳು ಇಲ್ಲಿ ಒಂದು ಮಾತು ಕೇಳಲೇಬೇಕು. ಕೆಲವು ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ‘ವೆಜಿಟೇರಿಯನ್ ರೆನೆಟ್ಟಾ?’ ಅಂತ ಕೇಳಿದರೆ ಅಂಗಡಿಯವರು ಬೇಸರಪಡದೆ ಹೇಳುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಚಿಪ್ಸ್. ಬರೀ ಆಲೂಗಡ್ಡೆ ತಾನೇ ಅಂತ ನಾವು ಅಂದುಕೊಳ್ಳುತ್ತೇವೆ. ಯಾರ್ಕ್‌ಶೈರ್‌ನ ಬಹಳಷ್ಟು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಇಲ್ಲಿಯವರಿಗೆ ಅದೇ ರುಚಿ, ಅದೇ ಹೆಮ್ಮೆ. ಬೋರ್ಡಿನಲ್ಲಿ ‘ಬೀಫ್ ಡ್ರಿಪ್ಪಿಂಗ್’ ಅಂತ ಬರೆದಿರುತ್ತಾರೆ, ಇಲ್ಲದಿದ್ದರೆ ಕೇಳಬೇಕು. ಪೇಸ್ಟ್ರಿಗಳಲ್ಲೂ ಹಂದಿ ಕೊಬ್ಬು ಇರಬಹುದು. ಹಾಗಾಗಿ ನಾವು ಮನೆಯಿಂದಲೇ ಚಪಾತಿ-ಪಲ್ಯ, ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತಿದ್ದೆವು. ಚಹಾ, ಸ್ಕೋನ್, ಜ್ಯಾಮ್ ಅಲ್ಲೇ ಕೊಳ್ಳುತ್ತಿದ್ದೆವು. ಕಾಲುವೆ ದಂಡೆಯ ಬೆಂಚಿನಲ್ಲಿ ಬುತ್ತಿ ಬಿಚ್ಚಿದರೆ ಯಾರೂ ತಿರುಗಿ ನೋಡುವುದಿಲ್ಲ.

ಹೈ ಸ್ಟ್ರೀಟ್‌ನ ಮೇಲ್ತುದಿಗೆ ಹೋಲಿ ಟ್ರಿನಿಟಿ ಚರ್ಚು. ಅದರ ಪಕ್ಕದಲ್ಲೇ ಕೋಟೆ. 1090ರ ಸುಮಾರಿಗೆ ರಾಬರ್ಟ್ ಡಿ ರೊಮಿಲಿ ಎಂಬ ನಾರ್ಮನ್ ಸರದಾರ ಕಟ್ಟಲು ಶುರು ಮಾಡಿದ್ದು. 1310ರಿಂದ ಕ್ಲಿಫರ್ಡ್ ಮನೆತನದ ಕೈಯಲ್ಲಿತ್ತು. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಕಡೆಗೆ ನಿಂತು, ಮುತ್ತಿಗೆ ತಡೆದುಕೊಂಡು, 1645ರ ಡಿಸೆಂಬರಿನಲ್ಲಿ ಶರಣಾಯಿತು. ಇಂಗ್ಲೆಂಡಿನ ಎಷ್ಟೋ ಕೋಟೆಗಳು ಮೊಂಡುಗೋಡೆಗಳಾಗಿ ಉಳಿದಿವೆ. ಇದಕ್ಕೆ ಚಾವಣಿ ಪೂರ್ತಿ ಇದೆ. ಹಾಗಾಗಿ ಮಳೆಯ ದಿನಕ್ಕೆ ಹೇಳಿ ಮಾಡಿಸಿದ ಜಾಗ. ಒಳಗೆ ಪೀಠೋಪಕರಣ ಏನೂ ಇಲ್ಲ, ಖಾಲಿ ಕೋಣೆಗಳು. ಮಗಳು ಅಡುಗೆಮನೆ, ಊಟದ ಹಾಲ್, ಸೆರೆಮನೆ ಎಲ್ಲ ಓಡಾಡಿ ತಾನೇ ಅಲ್ಲಿ ಜನರನ್ನು ತುಂಬಿಕೊಂಡಳು. ಮೆಟ್ಟಿಲುಗಳು ಮಾತ್ರ ಜಾಸ್ತಿ, ಸವೆದು ಏರುಪೇರಾಗಿವೆ. ಮಂಡಿ ನೋವಿರುವವರು ನಿಧಾನವಾಗಿ ಹತ್ತಬೇಕು.

ಕೋಟೆಯ ನಡುವೆ ಕಾಂಡಿಟ್ ಕೋರ್ಟ್ ಅನ್ನುವ ಅಂಗಳ ಇದೆ. ಅಲ್ಲೊಂದು ಯೂ ಮರ. ಲೇಡಿ ಆನ್ ಕ್ಲಿಫರ್ಡ್ 1659ರಲ್ಲಿ ನೆಟ್ಟಿದ್ದು ಅಂತ ಹೇಳುತ್ತಾರೆ. ಆಕೆಯ ಕಥೆ ಅಮ್ಮನಿಗೆ ಕೋಟೆಗಿಂತ ಹಿಡಿಸಿತು. 1605ರಲ್ಲಿ ಆಕೆಯ ಅಪ್ಪ ಸತ್ತಾಗ ಆಸ್ತಿಯನ್ನು ಒಬ್ಬಳೇ ಮಗಳಿಗೆ ಕೊಡದೆ ತನ್ನ ತಮ್ಮನಿಗೆ ಬರೆದಿಟ್ಟಿದ್ದ. ಗಂಡ ಬಿಟ್ಟುಬಿಡು ಅಂದ, ರಾಜನೇ ಕರೆದು ರಾಜಿಯಾಗು ಅಂದ. ಆಕೆ ಒಪ್ಪಲಿಲ್ಲ. ಕೊನೆಗೆ 1643ರಲ್ಲಿ, ಚಿಕ್ಕಪ್ಪನ ಮಗ ಗಂಡುಸಂತಾನ ಇಲ್ಲದೆ ತೀರಿಕೊಂಡ ಮೇಲೆ, ಆಸ್ತಿ ಕೈಸೇರಿತು. ಯುದ್ಧದಲ್ಲಿ ಹಾಳಾದ ಕೋಟೆಯನ್ನು ರಿಪೇರಿ ಮಾಡಿಸಿ ಈ ಮರ ನೆಟ್ಟಳು. ಅಮ್ಮ ಮರದ ಕಾಂಡದ ಮೇಲೆ ಕೈಯಿಟ್ಟು ‘ಗಟ್ಟಿಗಿತ್ತಿ ಕಣೇ’ ಅಂತ ಮೊಮ್ಮಗಳಿಗೆ ಹೇಳಿದಳು.

ಕೋಟೆಯ ಬೆನ್ನಿಗೇ ಸ್ಪ್ರಿಂಗ್ಸ್ ಕಾಲುವೆ. ಇದು ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಒಂದು ಚಿಕ್ಕ ಕವಲು. ಮುಖ್ಯ ಕಾಲುವೆ 127 ಮೈಲಿ, ಅಂದರೆ 204 ಕಿ.ಮೀ. ಉದ್ದ. 1770ರಲ್ಲಿ ಅಗೆಯಲು ಶುರು ಮಾಡಿ 1816ರಲ್ಲಿ ಮುಗಿಸಿದರು. ಬಂಡೆಯ ಮೇಲೆ ಕೋಟೆ, ಕೆಳಗೆ ನೀರು, ನಡುವೆ ಕಾಲುದಾರಿ. ಸಮತಟ್ಟಾದ ದಾರಿ, ಅಪ್ಪನಿಗೆ ತುಂಬಾ ಅನುಕೂಲ. ಹಾಗೇ ಮುಂದೆ ಹೋದರೆ ಸ್ಕಿಪ್ಟನ್ ಕಾಡು. ಮೇ ತಿಂಗಳಲ್ಲಿ ಹೋದರೆ ಕಾಡುಬೆಳ್ಳುಳ್ಳಿ ನೆಲ ಕಾಣದ ಹಾಗೆ ಬೆಳೆದು ಬಿಳಿ ಹೂ ಬಿಟ್ಟಿರುತ್ತದೆ. ಕಾಡಿನ ಒಳಗೆ ಒಗ್ಗರಣೆಯ ವಾಸನೆ!

ಕಾಲುವೆ ದಂಡೆಯಲ್ಲಿ ಅಪ್ಪ ಸುಮ್ಮನೆ ನಿಂತುಬಿಟ್ಟ ಜಾಗ ಬೇರೆ. ದೋಣಿಗಳು ನಿಲ್ಲುವ ಕಡೆ ಇಂಗ್ಲೆಂಡಿನ ವೇಗದ ಬೌಲರ್ ಫ್ರೆಡ್ ಟ್ರೂಮನ್ ಬೌಲಿಂಗ್ ಮಾಡುತ್ತಿರುವ ಕಂಚಿನ ಪ್ರತಿಮೆ ಇದೆ. ಟೆಸ್ಟ್‌ನಲ್ಲಿ ಮೊದಲು 300 ವಿಕೆಟ್ ಪಡೆದವನು. 1952ರಲ್ಲಿ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಅವನ ಮೊದಲ ಟೆಸ್ಟು ಭಾರತದ ಮೇಲೆಯೇ. ಎರಡನೇ ಇನಿಂಗ್ಸ್‌ನಲ್ಲಿ ಭಾರತ ಒಂದೂ ರನ್ ಇಲ್ಲದೆ ನಾಲ್ಕು ವಿಕೆಟ್ ಕಳೆದುಕೊಂಡಿತ್ತು. ಅದರಲ್ಲಿ ಮೂರು ಟ್ರೂಮನ್‌ಗೆ. ಅಪ್ಪ ತಾನು ಚಿಕ್ಕಂದಿನಲ್ಲಿ ಹಿರಿಯರ ಬಾಯಲ್ಲಿ ಕೇಳಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿದ. ಟ್ರೂಮನ್ ಸಮಾಧಿ ಬೋಲ್ಟನ್ ಆಬಿಯಲ್ಲಿದೆ ಅಂತ ಗೊತ್ತಾದ ಮೇಲೆ ಮುಂದಿನ ವಾರದ ಜಾಗ ಅವನೇ ಗೊತ್ತು ಮಾಡಿದ.

ಬೋಲ್ಟನ್ ಆಬಿ ಸ್ಕಿಪ್ಟನ್‌ನಿಂದ ಆರು ಮೈಲಿ. ವಾರ್ಫ್ ನದಿಯ ದಂಡೆಯಲ್ಲಿ 1154ರಲ್ಲಿ ಕ್ರೈಸ್ತ ಸನ್ಯಾಸಿಗಳು ನೆಲೆಸಿದ ಮಠ. 1539ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿಸಿದರು. ಅರ್ಧ ಕಟ್ಟಡ ಪಾಳು ಬಿದ್ದಿದೆ, ಇನ್ನರ್ಧದಲ್ಲಿ ಇವತ್ತಿಗೂ ಭಾನುವಾರದ ಪ್ರಾರ್ಥನೆ ನಡೆಯುತ್ತದೆ. ಕೆಳಗೆ ನದಿ ದಾಟಲು ಸಾಲಾಗಿ ಕಲ್ಲುಗಳಿವೆ. ಮಗಳು, ನಾನು ಕಲ್ಲಿನ ಮೇಲೆ ಹೋದೆವು, ಅಪ್ಪ ಅಮ್ಮ ಪಕ್ಕದ ಸೇತುವೆ ಮೇಲೆ ಬಂದರು. ನೀರು ಜಾಸ್ತಿ ಇದ್ದ ದಿನ ಕಲ್ಲಿನ ಕಡೆ ಹೋಗಬಾರದು.

ಒಂದು ಜಾಗದ ಬಗ್ಗೆ ಖಂಡಿತ ಹೇಳಬೇಕು. ಮಠದಿಂದ ಮೇಲಕ್ಕೆ ಕಾಡಿನಲ್ಲಿ ನಡೆದರೆ ಸ್ಟ್ರಿಡ್ ಸಿಗುತ್ತದೆ. ಅಷ್ಟಗಲದ ನದಿ ಇಲ್ಲಿ ಒಮ್ಮೆಲೇ ಬಂಡೆಗಳ ನಡುವಿನ ಸಂದಿಯೊಳಗೆ ನುಗ್ಗುತ್ತದೆ. ಹಾರಿಬಿಡಬಹುದು ಅನ್ನಿಸುವಷ್ಟು ಕಿರಿದು. ಆದರೆ ಬಂಡೆಯ ಅಡಿಯಲ್ಲಿ ನೀರು ಕೊರೆದು ಪೊಟರೆ ಮಾಡಿದೆ, ಬಿದ್ದವರನ್ನು ಒಳಗೆ ಎಳೆದುಕೊಳ್ಳುತ್ತದೆ. ಜನ ಸತ್ತಿದ್ದಾರೆ. ಬಂಡೆಯ ಮೇಲಿನ ಪಾಚಿ ಒಣಗಿದ ದಿನವೂ ಜಾರುತ್ತದೆ. ನಾವು ಮಗಳ ಕೈ ಹಿಡಿದು ದೂರದಿಂದಲೇ ನೋಡಿದೆವು. ಸೆಲ್ಫಿಗೆ ಅಂತ ಅಂಚಿಗೆ ಹೋಗುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ಮಕ್ಕಳಿಗಾದರೆ ಎಂಬ್ಸೆಯಿಂದ ಬೋಲ್ಟನ್ ಆಬಿ ನಿಲ್ದಾಣದವರೆಗೆ ಉಗಿ ರೈಲು ಇದೆ. ಸ್ವಯಂಸೇವಕರು ಅಕ್ಕರೆಯಿಂದ ನಡೆಸುತ್ತಾರೆ. ಎಲ್ಲ ದಿನವೂ ಓಡುವುದಿಲ್ಲ, ವೇಳಾಪಟ್ಟಿ ನೋಡಿಕೊಳ್ಳಿ. ಆ ನಿಲ್ದಾಣದಿಂದ ಮಠಕ್ಕೆ ಇನ್ನೂ ಒಂದೂವರೆ ಮೈಲಿ ನಡಿಗೆ ಅನ್ನುವುದೂ ನೆನಪಿರಲಿ.

ಮಾಲಂ ಅನ್ನುವ ಹಳ್ಳಿಗೆ ಪೂರ್ತಿ ಒಂದು ದಿನ ಇಡಿ. ಸ್ಕಿಪ್ಟನ್‌ನಿಂದ ಬಸ್ಸು ಇದೆ, ಆದರೆ ಕಡಿಮೆ. ವಾರದ ದಿನಕ್ಕೊಂದು ವೇಳೆ, ವಾರಾಂತ್ಯಕ್ಕೊಂದು, ಚಳಿಗಾಲಕ್ಕೆ ಮತ್ತೊಂದು. ನಾನು ಮೊದಲು ವಾಪಸ್ ಬರುವ ಬಸ್ಸಿನ ಸಮಯ ನೋಡುತ್ತೇನೆ, ಅದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬೆಳಗ್ಗೆ ಯಾವ ರೈಲು ಅಂತ ಗೊತ್ತು ಮಾಡುತ್ತೇನೆ. ಹಳ್ಳಿಯಿಂದ ಮಾಲಂ ಕೋವ್‌ನ ಬುಡದವರೆಗೆ ಒಳ್ಳೆಯ ದಾರಿ. ನಡಿಗೆ ಅರ್ಧ ಗಂಟೆ ಹಿಡಿಯುವುದಿಲ್ಲ. ಎದುರಿಗೆ ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆ, ಬಾಗಿದ ಹಾಗೆ ನಿಂತಿದೆ. ಹಿಮಯುಗ ಮುಗಿಯುವಾಗ ಕರಗಿದ ನೀರು ಇದರ ಮೇಲಿಂದ ಜಲಪಾತವಾಗಿ ಬೀಳುತ್ತಿತ್ತು. ಈಗ ಗೋಡೆ ಒಣಗಿದೆ, ನೀರು ನೆಲದೊಳಗೆ ಹರಿದು ಬುಡದಲ್ಲಿ ಹೊರಬರುತ್ತದೆ. 2015ರ ಡಿಸೆಂಬರಿನಲ್ಲಿ ದೊಡ್ಡ ಬಿರುಗಾಳಿ ಮಳೆಗೆ ಸ್ವಲ್ಪ ಹೊತ್ತು ಮತ್ತೆ ಮೇಲಿಂದಲೇ ನೀರು ಧುಮುಕಿತ್ತು. ಜೋಗ ನೋಡಿದ ಅಪ್ಪನಿಗೆ ನೀರಿಲ್ಲದ ಜಲಪಾತದ ಕಥೆ ಕೇಳಿ ಬಹಳ ಹೊತ್ತು ಅದೇ ಮಾತು.

ಅಪ್ಪ ಬುಡದಲ್ಲೇ ಕೂತ, ಅಮ್ಮ ಜೊತೆಗಿದ್ದಳು. ನಾವು ಪಕ್ಕದ ಸುಮಾರು 400 ಮೆಟ್ಟಿಲು ಹತ್ತಿದೆವು. ಮೇಲೆ ನೆಲವೇ ಬೇರೆ. ಬೂದುಬಣ್ಣದ ಕಲ್ಲು ದೊಡ್ಡ ದೊಡ್ಡ ಹಲಗೆಗಳಾಗಿ ಹರಡಿಕೊಂಡಿದೆ, ನಡುನಡುವೆ ಮೊಣಕಾಲು ಮುಳುಗುವಷ್ಟು, ಕೆಲವು ಕಡೆ ಸೊಂಟದ ತನಕ ಆಳದ ಬಿರುಕು. ಮಳೆನೀರು ಸಾವಿರಾರು ವರ್ಷ ಸುಣ್ಣ ಕರಗಿಸಿ ಮಾಡಿದ್ದು. ಬಗ್ಗಿ ಬಿರುಕಿನೊಳಗೆ ನೋಡಿ. ಮೇಲೆ ಹುಲ್ಲೂ ಇಲ್ಲದ ಕಲ್ಲು, ಒಳಗೆ ಗಾಳಿ ತಾಕದ ತಂಪಿನಲ್ಲಿ ಹಸಿರು ಜರೀಗಿಡ, ಪಾಚಿ, ಪುಟ್ಟ ಹೂ. ಒಂದೊಂದು ಬಿರುಕೂ ಒಂದೊಂದು ತೋಟ. ಮಗಳು ಹೊಟ್ಟೆಯ ಮೇಲೆ ಮಲಗಿ ನೋಡುತ್ತಾ ಎದ್ದೇಳಲೇ ಇಲ್ಲ. ಜನ ನಡೆದೂ ನಡೆದೂ ಕಲ್ಲು ನುಣುಪಾಗಿದೆ, ಒದ್ದೆಯಾದರೆ ಕಾಲಿಡುವುದು ಕಷ್ಟ. ಹಿಡಿತ ಇರುವ ಬೂಟು ಬೇಕೇ ಬೇಕು. ಹತ್ತಲಾಗದವರಿಗೆ ಹಳ್ಳಿಯ ಇನ್ನೊಂದು ಕಡೆ ಜಾನೆಟ್ಸ್ ಫಾಸ್ ಅನ್ನುವ ಪುಟ್ಟ ಜಲಪಾತ ಇದೆ, ದಾರಿಯಲ್ಲಿ ಏರು ಕಡಿಮೆ.

ರೈಲಿನಲ್ಲೇ ಕೂತು ನೋಡುವ ದಿನವೂ ಬೇಕು. ಅದಕ್ಕೆ ಸೆಟಲ್–ಕಾರ್ಲೈಲ್ ಮಾರ್ಗ. ಲೀಡ್ಸ್‌ನಿಂದ ಹೊರಟ ರೈಲು ಸ್ಕಿಪ್ಟನ್ ದಾಟಿ ಬೆಟ್ಟದ ಕಡೆ ಏರುತ್ತದೆ. ರಿಬಲ್‌ಹೆಡ್‌ನಲ್ಲಿ ಇಳಿದರೆ 24 ಕಮಾನಿನ ಸೇತುವೆ, 400 ಮೀಟರ್ ಉದ್ದ. 1870ರಲ್ಲಿ ಕೆಲಸ ಶುರುವಾದಾಗ ಕೂಲಿಕಾರರು ಇಲ್ಲೇ ಗುಡಿಸಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಇದ್ದರು. ಅಪಘಾತ, ಸಿಡುಬು ಎಷ್ಟೋ ಜನರನ್ನು ತೆಗೆದುಕೊಂಡವು, ಪಕ್ಕದ ಚಾಪಲ್-ಲಿ-ಡೇಲ್ ಚರ್ಚಿನ ಅಂಗಳದಲ್ಲಿ ಅವರನ್ನು ಹೂಳಿದರು. 1980ರ ದಶಕದಲ್ಲಿ ಸೇತುವೆ ರಿಪೇರಿಗೆ ದುಡ್ಡು ಜಾಸ್ತಿ ಅಂತ ಮಾರ್ಗವನ್ನೇ ಮುಚ್ಚಲು ಹೊರಟಿದ್ದರು. ಜನ ಹೋರಾಡಿ 1989ರಲ್ಲಿ ಉಳಿಸಿಕೊಂಡರು. ಅಲ್ಲಿ ಗಾಳಿ ಜೂನ್‌ನಲ್ಲೂ ಕಿವಿ ಕೊರೆಯುತ್ತದೆ. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಅಮ್ಮನಿಗೆ ಸೀರೆಯ ಒಳಗೆ ಥರ್ಮಲ್, ತಲೆಗೆ ಉಣ್ಣೆ ಟೋಪಿ. ಮುಂದಿನ ರೈಲಿಗೆ ಬಹಳ ಹೊತ್ತು ಕಾಯಬೇಕಾಗುವುದರಿಂದ ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿಯೂ ಇರಲಿ.

ಲೀಡ್ಸ್ ಕಡೆಗೆ ವಾಪಸ್ ಬರುವಾಗ ಹೊತ್ತಿದ್ದರೆ ಬಿಂಗ್ಲಿಯಲ್ಲಿ ಇಳಿಯಿರಿ. ಅಲ್ಲಿ ಅದೇ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಮೇಲೆ 1774ರ ಐದು ಲಾಕುಗಳ ಸಾಲಿದೆ. ಲಾಕು ಅಂದರೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿ. ದೋಣಿಯನ್ನು 18 ಮೀಟರ್ ಮೇಲಕ್ಕೆ ನೀರಿನಿಂದಲೇ ಎತ್ತುತ್ತಾರೆ. ಒಂದು ದೋಣಿ ಐದೂ ಲಾಕು ದಾಟುವ ತನಕ ಅಪ್ಪ ಅಲ್ಲಿಂದ ಕದಲಲಿಲ್ಲ.

ಯಾರಾದರೂ ಒಂದೇ ದಿನ ಇದೆ, ಏನು ಮಾಡಲಿ ಅಂತ ಕೇಳಿದರೆ ನಾನು ಹೇಳುವುದು ಹೀಗೆ. ಶುಕ್ರವಾರವೋ ಸೋಮವಾರವೋ ಹೋಗಿ, ಸಂತೆ ಇರುತ್ತದೆ, ಶನಿವಾರದ ನೂಕುನುಗ್ಗಲು ಇರುವುದಿಲ್ಲ. ಬೆಳಗ್ಗೆ ಕೋಟೆ, ಮಧ್ಯಾಹ್ನ ಕಾಲುವೆ ದಂಡೆಯಲ್ಲಿ ಬುತ್ತಿ, ಆಮೇಲೆ ದೋಣಿಯಲ್ಲಿ ಒಂದು ಸುತ್ತು. ಸಂತೆಯವರು ಅಂಗಡಿ ಕಟ್ಟುವ ಮೊದಲು ಚೀಸ್ ಕೊಂಡುಕೊಳ್ಳಿ. ಮಾಲಂ ಮತ್ತು ಬೋಲ್ಟನ್ ಆಬಿಯನ್ನು ಅದೇ ದಿನಕ್ಕೆ ಸೇರಿಸಬೇಡಿ. ಅವಕ್ಕೆ ಇನ್ನೊಂದು ವಾರ ಬನ್ನಿ.