ಪಾಠ ಬಾಯಿಗೆ ಬಂದಿತ್ತು, ಓದು ಬಂದಿರಲಿಲ್ಲ

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಇಂಗ್ಲಿಷ್ ಪಾಠವನ್ನು ಪಟಪಟ ಅಂತ ಓದುತ್ತಿದ್ದಳು. ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಾಲೆಗೆ ಬಂದಾಗಲೆಲ್ಲ ನಾನು ಅವಳನ್ನೇ ಎಬ್ಬಿಸುತ್ತಿದ್ದೆ. ಒಂದು ದಿನ ಏನೋ ತೋಚಿ, ಅದೇ ಪಾಠದ ಪದಗಳನ್ನು ಹಿಂದೆಮುಂದೆ ಮಾಡಿ ಬೋರ್ಡಿನ ಮೇಲೆ ಒಂದು ಹೊಸ ವಾಕ್ಯ ಬರೆದೆ. ಹೊಸ ಪದ ಒಂದೂ ಇರಲಿಲ್ಲ. ಹುಡುಗಿ ಎದ್ದು ನಿಂತಳು. ಬೋರ್ಡ್ ನೋಡಿದಳು, ನನ್ನ ಮುಖ ನೋಡಿದಳು.

"ಇದು ಎಷ್ಟನೇ ಪೇಜು ಮಿಸ್?" ಅಂದಳು.

ಅವಳು ಓದುತ್ತಲೇ ಇರಲಿಲ್ಲ. ಪೇಜಿನ ಚಿತ್ರ ನೋಡಿದ ತಕ್ಷಣ ಬಾಯಿಪಾಠ ಹೊರಗೆ ಬರುತ್ತಿತ್ತು, ಅಷ್ಟೆ. ಕ್ಲಾಸಿನ ಉಳಿದವರನ್ನೂ ಹಾಗೇ ಪರೀಕ್ಷೆ ಮಾಡಿದೆ. ಇಪ್ಪತ್ತಾರು ಮಕ್ಕಳಲ್ಲಿ ಇಬ್ಬರು ತಡವರಿಸಿಕೊಂಡು ಓದಿದರು. ಅದರಲ್ಲಿ ಒಬ್ಬ ಬೇರೆ ಊರಿನ ಕಾನ್ವೆಂಟಿನಿಂದ ಬಂದವನು. ಅವನ ಓದಿನಲ್ಲಿ ನನ್ನ ಪಾಲೇನೂ ಇಲ್ಲ.

ನನ್ನದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆ. ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವಳೇ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತೆ. 2007-08ರಲ್ಲಿ ಸರ್ಕಾರ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಅಂತ ಮಾಡಿದಾಗ ನಮ್ಮಂಥವರಿಗೆ ಒಳಗೊಳಗೇ ನಡುಕ. ನನಗೆ ಹೇಗೆ ಕಲಿಸಿದ್ದರೋ ಹಾಗೇ ನಾನೂ ಕಲಿಸಿದೆ. ಪಾಠ ಓದಿ ಹೇಳುವುದು, ಅರ್ಥ ಕನ್ನಡದಲ್ಲಿ ಹೇಳುವುದು, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸುವುದು. ಮಕ್ಕಳ ಕಾಪಿ ಮುದ್ದಾಗಿರುತ್ತಿತ್ತು. ಯಾರೂ ಏನೂ ಕೇಳಲಿಲ್ಲ.

ಆಮೇಲೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ಮೂವತ್ತು ದಿನದ ತರಬೇತಿಗೆ ಹೋದೆ. ಮೊದಲ ವಾರ ಬಾಯಿ ಬಿಡಲಿಲ್ಲ. ತಪ್ಪಾದರೆ ನಗ್ತಾರೆ ಅನ್ನೋ ಭಯ. ನಲವತ್ತು ಟೀಚರುಗಳು ಕೂತಿದ್ದೆವು, ಎಲ್ಲರದ್ದೂ ಅದೇ ಕಥೆ. ಅಲ್ಲಿ ಕಲಿತದ್ದು ಎಷ್ಟೋ ಮರೆತಿದೆ. ಬೆಂಚಿನ ಈ ಕಡೆ ಕೂತಾಗ ಮಗುವಿಗೆ ಹೇಗಾಗುತ್ತೆ ಅನ್ನೋದು ಮಾತ್ರ ಮರೆತಿಲ್ಲ.

ವಾಪಸ್ ಬಂದ ಮೇಲೆ ಮೊದಲು ಮಾಡಿದ ಕೆಲಸ, ಅಕ್ಷರದ ಹೆಸರು ಹೇಳಿಸುವುದನ್ನು ನಿಲ್ಲಿಸಿದ್ದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಶಬ್ದ. 'ಮ', 'ರ' ಸೇರಿಸಿದರೆ ಮರ. ನಮ್ಮ ಮಕ್ಕಳಿಗೆ ಓದು ಅಂದರೆ ಇದೇ. ಇಂಗ್ಲಿಷಿನಲ್ಲಿ ಎಸ್, ಎ, ಟಿ ಸೇರಿಸಿದರೆ 'ಎಸ್ಸೇಟಿ' ಆಗುತ್ತೆ. ಅದು 'ಸ್ಯಾಟ್' ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಎಸ್‌ಗೆ 'ಸ್', ಟಿಗೆ 'ಟ್' ಅಂತ ಶಬ್ದ ಮಾತ್ರ ಹೇಳಿಕೊಟ್ಟೆ. ಅಲ್ಲೂ ಒಂದು ತೊಡಕು ಬಂತು. ನಾನು 'ಸ್' ಅಂದರೆ ಮಕ್ಕಳು 'ಸ' ಅಂತಿದ್ದರು. ಸ, ಆ್ಯ, ಟ ಸೇರಿ 'ಸ್ಯಾಟ' ಆಗುತ್ತಿತ್ತು. ಕೊನೆಗೆ ಕನ್ನಡವೇ ಕೈ ಹಿಡಿಯಿತು. ಅರ್ಧಾಕ್ಷರ ಅವರಿಗೆ ಗೊತ್ತಿತ್ತು. "ಇಂಗ್ಲಿಷಿನವರು ಅರ್ಧಾಕ್ಷರದವರು ಕಣ್ರೋ, ಪೂರ್ತಿ ಹೇಳಲ್ಲ" ಅಂದೆ. ಅರ್ಥವಾಯಿತು. ಕನ್ನಡದಲ್ಲಿಲ್ಲದ 'ಆ್ಯ' ಶಬ್ದಕ್ಕೆ 'ಬ್ಯಾಗಿನ ಆ್ಯ' ಅಂತ ಹೆಸರಿಟ್ಟೆವು. ಬೆನ್ನ ಮೇಲೆ ದಿನಾ ಹೊತ್ತು ತರೋದು ಅದನ್ನೇ ಅಲ್ವಾ.

ಎ ಇಂದ ಜೆಡ್‌ವರೆಗೆ ಸಾಲಾಗಿ ಹೋಗಲಿಲ್ಲ. ಎಸ್, ಎ, ಟಿ, ಐ, ಪಿ, ಎನ್ ಈ ಆರನ್ನು ಮೊದಲು ತೆಗೆದುಕೊಂಡೆ. ಆರೇ ಅಕ್ಷರದಲ್ಲಿ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಪ್, ನ್ಯಾಪ್ ಎಲ್ಲ ಬರುತ್ತೆ. ಎರಡನೇ ವಾರಕ್ಕೇ ಮಗು ಯಾರೂ ಹೇಳಿಕೊಡದ ಪದ ಒಂದನ್ನು ತಾನೇ ಓದುತ್ತೆ. ಆ ಮುಖ ನೋಡಬೇಕು. ಇಪ್ಪತ್ತಾರೂ ಅಕ್ಷರ ಮುಗಿಯಲಿ ಅಂತ ಕಾದಿದ್ದರೆ ಅದು ದೀಪಾವಳಿಗೂ ಸಿಗುತ್ತಿರಲಿಲ್ಲ.

ಸಣ್ಣ ಬಿ, ಸಣ್ಣ ಡಿ ಮಾತ್ರ ಜೀವ ತಿಂದವು. ತಿರುಗಿಸಿ ಬರೆದರೆ ಬೇರೆ ಅಕ್ಷರವಾಗುವ ಪಜೀತಿ ಕನ್ನಡದಲ್ಲಿ ಅಷ್ಟಾಗಿ ಇಲ್ಲ. ನಾಲ್ಕು ಗೆರೆ ಪುಸ್ತಕದಲ್ಲಿ ನೂರು ಸಲ ಬರೆಸಿದರೂ ಅದೇ ತಪ್ಪು. ಕೊನೆಗೆ ಮೂರನೇ ಕ್ಲಾಸಿನ ಹುಡುಗನೊಬ್ಬ ದಾರಿ ಹೇಳಿದ. "ಬಿ ಅಂದ್ರೆ ಬ್ಯಾಟು ಮೊದ್ಲು, ಬಾಲು ಆಮೇಲೆ ಮಿಸ್. ಡಿ ಅಂದ್ರೆ ಡೊಳ್ಳು ಮೊದ್ಲು, ಕೋಲು ಆಮೇಲೆ." ಅವರಪ್ಪ ಊರ ಹಬ್ಬದಲ್ಲಿ ಡೊಳ್ಳು ಬಾರಿಸುವವರು. ಎಷ್ಟು ಬ್ಯಾಚ್ ಆದರೂ ನಮ್ಮ ಶಾಲೆಯಲ್ಲಿ ಇವತ್ತಿಗೂ ಇದೇ ಸೂತ್ರ.

ಇಷ್ಟೆಲ್ಲ ಹೇಳಿ, ಶಬ್ದ ಕಲಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. 'ಒನ್', 'ಸೆಡ್', 'ವಾಸ್', 'ನೈಫ್' ಇವೆಲ್ಲ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. "ಒ ಅಕ್ಷರದಿಂದ ಶುರುವಾಗೋ ಪದಕ್ಕೆ ವ ಯಾಕೆ ಮಿಸ್?" ಅಂದರೆ ಏನು ಹೇಳಲಿ? ಇಂಥವನ್ನು ಗೋಡೆಗೆ ಅಂಟಿಸಿ 'ತಂಟೆ ಪದಗಳು' ಅಂತ ಬರೆದೆ. ಇವನ್ನು ಬಿಡಿಸಿ ಓದಬೇಡಿ, ನೆಂಟರ ಮುಖ ನೆನಪಿಟ್ಟ ಹಾಗೆ ನೆನಪಿಡಿ ಅಂದೆ.

ಮಾತಿನ ವಿಷಯಕ್ಕೆ ಬರುತ್ತೇನೆ. ಪೋಷಕರಿಗೆ ಬೇಕಿರುವುದು ಅದೊಂದೇ. "ನಮ್ ಹುಡುಗ ಇಂಗ್ಲಿಷಲ್ಲಿ ಮಾತಾಡಂಗ್ ಮಾಡ್ರಿ ಮಿಸ್, ಇಲ್ಲಾಂದ್ರೆ ಪ್ರೈವೇಟ್ ಸ್ಕೂಲಿನ ಹಳದಿ ವ್ಯಾನು ಹತ್ತಿಸ್ತೀವಿ" ಅಂತಾರೆ. ಮಕ್ಕಳನ್ನು ಕೇಳಿದೆ, ನಿಮಗೆ ಎಷ್ಟು ಇಂಗ್ಲಿಷ್ ಪದ ಗೊತ್ತು? ಒಂದೂ ಗೊತ್ತಿಲ್ಲ ಅಂದರು. "ಬೆಳಿಗ್ಗೆ ಎದ್ದಾಗಿಂದ ಏನೇನು ನೋಡಿದ್ರಿ ಹೇಳಿ" ಅಂದೆ. ಬ್ರಷ್ಷು, ಪೇಸ್ಟು, ಗ್ಯಾಸು, ಕುಕ್ಕರ್ರು, ಕರೆಂಟು, ಬೋರ್‌ವೆಲ್ಲು, ಮೋಟರು, ಸ್ಟಾರ್ಟರು, ಪೈಪು, ಟ್ರ್ಯಾಕ್ಟರು. ಬೋರ್ಡ್ ತುಂಬಿತು, ಅಳಿಸಿ ಮತ್ತೆ ತುಂಬಿಸಿದೆವು. ಒಂದೂ ಗೊತ್ತಿಲ್ಲ ಅಂದವರ ಹತ್ತಿರ ಇನ್ನೂರಕ್ಕೂ ಜಾಸ್ತಿ ಪದ ಇತ್ತು. ಪ್ರತಿ ಪದಕ್ಕೂ ನಾವು ಅಂಟಿಸಿದ್ದ 'ಉ' ಒಂದನ್ನು ತೆಗೆಯಬೇಕಿತ್ತು. ಅದಕ್ಕೆ 'ಬಾಲ ಕತ್ತರಿಸೋ ಆಟ' ಅಂತ ಹೆಸರಾಯಿತು. ಒಬ್ಬ 'ಬಸ್ಸು' ಅಂದರೆ ಇನ್ನೊಬ್ಬ ಬೆರಳಲ್ಲೇ ಕತ್ತರಿ ಆಡಿಸಿ 'ಬಸ್' ಅನ್ನಬೇಕು.

ಆದರೂ ಕ್ಲಾಸಿನಲ್ಲಿ ಮಾತು ಹುಟ್ಟಲಿಲ್ಲ. "ವಾಟ್ ಈಸ್ ಯುವರ್ ನೇಮ್" ಅಂತ ಕೇಳಿದರೆ ಹೇಳುತ್ತಾರೆ ನಿಜ. ಅವರ ಹೆಸರು ನನಗೆ ಗೊತ್ತು, ನನಗೆ ಗೊತ್ತು ಅಂತ ಅವರಿಗೂ ಗೊತ್ತು. ಇದೆಂಥ ಮಾತುಕತೆ?

ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾದ ಮೇಲೆ ದಾರಿ ಸಿಕ್ಕಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡುಗೆ ಅಕ್ಕನ ಪಕ್ಕ ನಿಂತು ಪ್ರತಿಯೊಬ್ಬರಿಗೂ ಕೇಳಿದೆ, "ಎಗ್ ಆರ್ ಬನಾನಾ?" ಮೊದಲ ದಿನ "ಯಗ್ಗು" ಅಂದರು. ಕೊಟ್ಟೆ. ಎರಡನೇ ವಾರ "ಎಗ್ ಪ್ಲೀಸ್" ಬಂತು. ತಿಂಗಳು ಕಳೆಯುವಷ್ಟರಲ್ಲಿ "ಐ ವಾಂಟ್ ಆ್ಯನ್ ಎಗ್" ಶುರುವಾಯಿತು. ಎ-ಆ್ಯನ್ ವ್ಯಾಕರಣ ನಾನು ಪಾಠವಾಗಿ ಮಾಡಲೇ ಇಲ್ಲ. ಸಾಲಿನಲ್ಲಿ ಮುಂದಿನವರು ಹೇಳಿದ್ದನ್ನು ಕೇಳಿ ಕೇಳಿ ಹಿಂದಿನವರಿಗೆ ಬಂತು. ಅಡುಗೆ ಅಕ್ಕ ಒಂದು ದಿನ ನನಗಿಂತ ಮೊದಲೇ "ಸಾಂಬಾರ್ ಮೋರ್?" ಅಂದುಬಿಟ್ಟರು. ಒಬ್ಬ ಹುಡುಗ "ಸಮ್ ಮೋರ್ ಸಾಂಬಾರ್ ಅನ್ಬೇಕು ಅಕ್ಕಾ" ಅಂತ ತಿದ್ದಿದ. "ಹಂಗಂದ್ರೆ ನೋ ಮೋರ್" ಅಂತ ಅವರು ಸೌಟು ಎತ್ತಿದರು. ಇಡೀ ಸಾಲು ನಕ್ಕಿತು. ಯಾರೂ ಕನ್ನಡದಲ್ಲಿ ಅರ್ಥ ಕೇಳಲಿಲ್ಲ.

'ಎಗ್'ಗೆ 'ಯಗ್ಗು', 'ಓನ್ಲಿ'ಗೆ 'ವನ್ಲಿ' ಇವನ್ನು ನಾನು ಜಾಸ್ತಿ ತಿದ್ದಲು ಹೋಗುವುದಿಲ್ಲ. 'ಎಲ್ಲಿ' ಅನ್ನೋದನ್ನೇ 'ಯೆಲ್ಲಿ' ಅನ್ನೋ ನಾಲಿಗೆ ನಮ್ಮದು. ನಾನು ಸರಿಯಾಗಿ ಹೇಳುತ್ತಿದ್ದರೆ ನಿಧಾನಕ್ಕೆ ಅವರಿಗೂ ಬರುತ್ತೆ. ಮಾತಾಡುತ್ತಿರುವ ಮಗುವನ್ನು ಅರ್ಧದಲ್ಲಿ ತಡೆದರೆ ಆ ಬಾಯಿ ಮತ್ತೆ ಒಂದು ವಾರ ತೆರೆಯುವುದಿಲ್ಲ. ಜ್ಞಾನಭಾರತಿಯ ಆ ಮೊದಲ ವಾರ ನನಗೆ ಗೊತ್ತಲ್ಲ.

ಒಂದು ವಿಷಯದಲ್ಲಿ ಸೋತೆ, ಅದನ್ನೂ ಹೇಳಬೇಕು. ಐದನೇ ಕ್ಲಾಸಿನಲ್ಲಿ ಮೂವರು ಮಕ್ಕಳಿಗೆ ಎಷ್ಟು ಮಾಡಿದರೂ ಓದು ಹತ್ತಲಿಲ್ಲ. ಒಂದು ಟರ್ಮ್ ಪೂರ್ತಿ ಇಂಗ್ಲಿಷ್ ಶಬ್ದಗಳ ಹಿಂದೆ ಬಿದ್ದೆ. ಆಮೇಲೆ ಕನ್ನಡ ಪುಸ್ತಕ ಕೊಟ್ಟು ನೋಡಿದೆ. ಕನ್ನಡವೂ ಓದಲು ಬರುತ್ತಿರಲಿಲ್ಲ. ಮೊದಲೇ ನೋಡಬೇಕಿತ್ತು, ನನ್ನದೇ ತಪ್ಪು. ಕನ್ನಡ ಸಲೀಸಾಗಿ ಓದುವ ಮಕ್ಕಳು ಮೂರು ತಿಂಗಳಲ್ಲಿ ಇಂಗ್ಲಿಷಿನ ಸಣ್ಣ ಪದ ಓದುತ್ತಿದ್ದರು. ಶಬ್ದ ಸೇರಿಸಿದರೆ ಪದ ಆಗುತ್ತೆ ಅನ್ನೋ ಗುಟ್ಟು ಅವರಿಗೆ ಒಂದು ಭಾಷೆಯಲ್ಲಿ ಸಿಕ್ಕಾಗಿತ್ತು. ಆ ಮೂವರಿಗೆ ಇಂಗ್ಲಿಷ್ ಓದು ನಿಲ್ಲಿಸಿ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಕನ್ನಡ ಓದಿಸಿದೆ. ಇಬ್ಬರಿಗೆ ಬಂತು. ಒಬ್ಬ ಆ ಬೇಸಿಗೆಯಲ್ಲಿ ಅಪ್ಪ ಅಮ್ಮನ ಜೊತೆ ಗುಳೆ ಹೋದ.

ಬರವಣಿಗೆಗೆ ಕೊನೆಗೆ ಬಂದೆ. ಕಾಪಿ ರೈಟಿಂಗ್ ವಾರಕ್ಕೆ ಎರಡೇ ದಿನ ಮಾಡಿ, ಉಳಿದ ದಿನ 'ಒಂದು ಸಾಲು' ಅಂತ ಇಟ್ಟೆ. ಏನಾದರೂ ಸರಿ, ನಿಮ್ಮದೇ ಒಂದು ಸಾಲು ಬರೀರಿ. ಇಂಗ್ಲಿಷ್ ಪದ ಗೊತ್ತಿಲ್ಲದಿದ್ದರೆ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಮೊದಲ ವಾರವೆಲ್ಲ "ದಿಸ್ ಈಸ್ ಎ ಪೆನ್". ಕೆಂಪು ಪೆನ್ನನ್ನು ಬೀರುವಿನಲ್ಲಿಟ್ಟೆ. ತಪ್ಪು ಸುತ್ತು ಹಾಕುವ ಬದಲು ಪ್ರತಿ ಸಾಲಿನ ಕೆಳಗೆ ಒಂದು ಪ್ರಶ್ನೆ ಬರೆಯತೊಡಗಿದೆ.

"ಎಷ್ಟನೇ ಪೇಜು ಮಿಸ್" ಅಂದಿದ್ದಳಲ್ಲ, ಅವಳು ಆಗ ಐದನೇ ಕ್ಲಾಸಿಗೆ ಬಂದಿದ್ದಳು. ಒಂದು ಮಂಗಳವಾರ ಅವಳ ಪುಸ್ತಕ ತೆರೆದೆ. "ಮೈ ಗೋಟ್ ಗೋ ಸಂತೆ. ಐ ಕ್ರೈ" ಅಂತಿತ್ತು. ಸಂತೆ ಅನ್ನುವುದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದಳು. 'ಗೋ' ಅನ್ನೋದನ್ನು ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು, ಮಾಡಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ, ನಿನ್ನ ಆಡಿನ ಬಣ್ಣ ಯಾವುದು ಅಂತ ಬರೆದೆ.

ಮಾರನೇ ದಿನ ಉತ್ತರ ಬಂದಿತ್ತು. "ಬ್ಲ್ಯಾಕ್. ಒನ್ ಇಯರ್ ವೈಟ್." ತಂಟೆ ಪದ 'ಒನ್' ಸರಿಯಾಗಿತ್ತು. ಅದರ ಕೆಳಗೆ ಆಡಿನ ಚಿತ್ರ ಬರೆದು, ಒಂದು ಕಿವಿ ಬಿಟ್ಟು ಮೈಯೆಲ್ಲ ಪೆನ್ಸಿಲಿನಲ್ಲಿ ತಿಕ್ಕಿ ತಿಕ್ಕಿ ಕಪ್ಪು ಮಾಡಿದ್ದಳು.